ನರವಿಲ್ಲದ ಎಲೆ

ಅತ್ತಿಗೆ ಮನೆ ಬಿಟ್ಟು ಹೋದ ಮೇಲೆ ನಾದಿನಿ ಮಾತಾಡುವುದನ್ನೇ ಬಿಟ್ಟಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾತಾಡುತ್ತಿದ್ದಳು, ಧಾರಾಳವಾಗಿಯೇ ಮಾತಾಡುತ್ತಿದ್ದಳು. ಉಕ್ಕಿದ ಹಾಲಿನ ಜೊತೆ, ಕಿಟಕಿಯ ಸರಳಿನ ಮೇಲೆ ಬಂದು ಕೂರುವ ಪಾರಿವಾಳದ ಜೊತೆ, ಎಲ್ಲಕ್ಕಿಂತ ಹೆಚ್ಚಾಗಿ ಊಟದ ಮೇಜಿನ ಮೇಲೆ ಕಾಯಂ ಆಗಿ ತಳವೂರಿದ್ದ ಆ ಕಬ್ಬಿಣದ ಯಂತ್ರದ ಜೊತೆ. ತಿರುಗಿ ಉತ್ತರ ಕೊಡುವವರು ಇರಲಿಲ್ಲ, ಅಷ್ಟೇ.

ಯಂತ್ರ ಎಂದರೆ ಭಾರೀ ಏನೋ ಅಂದುಕೊಳ್ಳಬೇಡಿ. ಎರಡು ಉರುಳೆ, ಪಕ್ಕದಲ್ಲಿ ತಿರುಗಿಸುವ ಒಂದು ಹಿಡಿ. ದಪ್ಪ ಕಾಗದದ ಮೇಲೆ ಡೈ ಇಡಬೇಕು. ಡೈ ಎಂದರೆ ಹೂವಿನದೋ ಚಿಟ್ಟೆಯದೋ ಅಂಚಿನ ಆಕಾರಕ್ಕೆ ಬಗ್ಗಿಸಿದ ತೆಳ್ಳನೆಯ ಉಕ್ಕಿನ ಅಲಗು. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಲಗೆ ಕೊಟ್ಟು ಹಿಡಿ ತಿರುಗಿಸಿದರೆ ಕರಕರ ಎಂದು ಗೊಣಗುತ್ತಾ ಆಚೆ ಕಡೆಯಿಂದ ಹೊರಗೆ ಬರುತ್ತದೆ. ಹಲಗೆ ಎತ್ತಿದರೆ ಹೂವು ಅಂಗೈಗೆ ಬೀಳುತ್ತದೆ. ಅದನ್ನು ಮಡಿಸಿದ ಕಾರ್ಡಿನ ಮುಖಕ್ಕೆ ಅಂಟಿಸಿದರೆ ಯಾರದೋ ಹುಟ್ಟುಹಬ್ಬಕ್ಕೆ, ಯಾರದೋ ಮದುವೆಗೆ, ಆಸ್ಪತ್ರೆಯಲ್ಲಿ ಮಲಗಿರುವ ಇನ್ಯಾರಿಗೋ ಒಂದು ಶುಭಾಶಯ ಪತ್ರ ತಯಾರು.

ಆದರೆ ಅದು ಅರ್ಧ ಕೆಲಸ. ಆ ಹೂವಿಗೆ ದಳ, ಕೇಸರ, ಬಣ್ಣ ಬೇಡವೇ? ಅದಕ್ಕೆ ರಬ್ಬರ್ ಅಚ್ಚುಗಳು. ಒಂದೊಂದು ಅಚ್ಚಿಗೂ ಅದರದೇ ಅಳತೆಯ ಒಂದೊಂದು ಡೈ, ಗಂಡ ಹೆಂಡಿರ ಹಾಗೆ ಜೋಡಿ. ಅಚ್ಚು ಒತ್ತುವುದು ಅತ್ತಿಗೆಯ ಕೆಲಸ, ಕತ್ತರಿಸುವುದು ನಾದಿನಿಯ ಕೆಲಸ. ಮೇಜಿನ ಕಿಟಕಿಯ ಬದಿ ಅತ್ತಿಗೆಯದು, ಗೋಡೆಯ ಬದಿ ನಾದಿನಿಯದು. ಮಡಿಕೆ ಹಾಕುವುದು ಮಾತ್ರ ಯಾರಿಗೆ ಕೈ ಬಿಡುವಿದೆಯೋ ಅವರದು. ಮೂರನೆಯ ಮಹಡಿಯ ಆ ಮನೆಯಲ್ಲಿ ಊಟವನ್ನು ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮಾಡಬೇಕಿತ್ತು, ಯಾಕೆಂದರೆ ಮೇಜಿನ ಮೇಲೆ ಸದಾ ಏನಾದರೊಂದು ಒಣಗುತ್ತಿರುತ್ತಿತ್ತು. ಅಣ್ಣ ಬದುಕಿದ್ದಾಗ ಅಂಟು ಒಣಗುವ ಮೊದಲೇ ಮುಟ್ಟಿ ನೋಡಿ ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದ. ನಾದಿನಿಗೆ ಮದುವೆ ಯಾಕಾಗಲಿಲ್ಲ ಎಂದು ನೆಂಟರು ಕೇಳಿದರೆ, "ಅಂಟು ಒಣಗಲಿ, ಆಮೇಲೆ ನೋಡೋಣ," ಎನ್ನುತ್ತಿದ್ದಳು. ಅಂಟು ಒಣಗಲೇ ಇಲ್ಲ, ವಯಸ್ಸು ಐವತ್ತರ ಹತ್ತಿರ ಬಂತು.

ಅತ್ತಿಗೆ ಅಚ್ಚು ಒತ್ತುವಾಗ ಅಂಗೈಯ ಎಡಭಾಗದ ಮೇಲೆ ಭಾರ ಬಿಡುತ್ತಿದ್ದಳು. ಹಾಗಾಗಿ ಅವಳು ಒತ್ತಿದ ಹೂವಿನ ಎಡಗಡೆ ಸ್ವಲ್ಪ ಕಪ್ಪು, ಬಲಗಡೆ ಸ್ವಲ್ಪ ತೆಳು. ನಾದಿನಿ ಅದನ್ನು ಎತ್ತಿ ಆಡುತ್ತಿದ್ದಳು. "ಅತ್ತಿಗೆ, ನಿಮ್ಮ ಹೂವಿಗೆಲ್ಲಾ ಎಡಗೆನ್ನೆಗೆ ಯಾರೋ ಬಾರಿಸಿದ ಹಾಗಿದೆ." ನಾದಿನಿಯೇನಾದರೂ ಅಚ್ಚಿಗೆ ಕೈ ಹಾಕಿದರೆ ಅತ್ತಿಗೆಯ ಪಾಠ ಶುರುವಾಗುತ್ತಿತ್ತು. "ಒತ್ತು, ಎತ್ತು. ಹೆಚ್ಚು ಹೊತ್ತು ಇಟ್ಟರೆ ಇಂಕು ಹರಡುತ್ತೆ."

ಒಂದೇ ಮೇಜಿನ ಎರಡು ಬದಿ ಇಬ್ಬರು ಹೆಂಗಸರು ದಿನವಿಡೀ ಕೂತರೆ ಜಗಳವಾಗದೆ ಇರುತ್ತದೆಯೇ? ಆಗುತ್ತಿತ್ತು. ಕಾಲು ಕೆರೆದು ಜಗಳ ತೆಗೆಯುವವಳು ನಾದಿನಿಯೇ, ಆಮೇಲೆ ಮೂತಿ ಉಬ್ಬಿಸಿಕೊಂಡು ಕೂರುವವಳೂ ಅವಳೇ. ಅದಕ್ಕೇ ಅತ್ತಿಗೆ ಅವಳಿಗೆ ಮೂತಿ ಎಂದೇ ಹೆಸರಿಟ್ಟಿದ್ದಳು. ಮಾತು ನಿಂತು ಒಂದು ದಿನವೋ ಎರಡು ದಿನವೋ ಆದ ಮೇಲೆ, ಯಾರ ಸಿಟ್ಟು ಮೊದಲು ಇಳಿಯಿತೋ ಅವರು ಎಲೆಗೆ ಕೈ ಹಾಕುತ್ತಿದ್ದರು. ಇದು ಅವರಿಬ್ಬರಲ್ಲೇ ಬೆಳೆದು ಬಂದಿದ್ದ ಒಂದು ಪದ್ಧತಿ. ನಾದಿನಿ ಸೋತರೆ ಎಲೆಯ ಡೈಯಿಂದ ಒಂದು ಬಿಳಿ ಎಲೆ ಕತ್ತರಿಸಿ ಸುಮ್ಮನೆ ಮೇಜಿನ ಆಚೆ ಬದಿಗೆ ಸರಿಸುವುದು. ಅತ್ತಿಗೆ ಸೋತರೆ ಕತ್ತರಿಸಿಟ್ಟ ಎಲೆಗಳ ಡಬ್ಬಿಯಿಂದ ಅಂಥದ್ದೇ ಒಂದನ್ನು ತೆಗೆದು ಎದುರಿಗೆ ಇಡುವುದು. ಅತ್ತಿಗೆಯ ಹತ್ತಿರ ಎಲೆಯ ನರಗಳದೊಂದು ಅಚ್ಚಿತ್ತು. ಅದನ್ನು ಆ ಬಿಳಿ ಎಲೆಯ ಮೇಲೆ ಒತ್ತಿಬಿಟ್ಟರೆ ಜಗಳ ಮುಗಿಯಿತು. ತಪ್ಪು ಯಾರದು ಎಂದು ಯಾರೂ ಕೇಳುವ ಹಾಗಿಲ್ಲ, ಯಾರೂ ಹೇಳುವ ಹಾಗಿಲ್ಲ. ನರ ಬಂತೆಂದರೆ ಚಹಾಕ್ಕೆ ನೀರಿಡಬಹುದು.

ಅಣ್ಣ ತೀರಿಕೊಂಡ ಮೇಲೂ ಮೇಜು ಹಾಗೇ ನಡೆಯಿತು. ಇಬ್ಬರೂ ಅತ್ತರು, ಇಬ್ಬರೂ ಕಣ್ಣೊರೆಸಿಕೊಂಡು ಕೂತರು, ಕಾಗದ ಮಡಿಸಿದರು. ಕೆಲವು ವರ್ಷ ಕಳೆದವು. ಒಂದು ಮಧ್ಯಾಹ್ನ ಅತ್ತಿಗೆ ಅಚ್ಚಿನ ಮೇಲಿನ ಇಂಕನ್ನು ಬಟ್ಟೆಯಿಂದ ಒರೆಸುತ್ತಾ, ತಲೆ ಎತ್ತದೆ, "ಕಾಗದದವರು ಕೇಳಿದ್ದಾರೆ. ನಾನು ಆಗಲಿ ಅಂದೆ," ಎಂದಳು.

ಕಾಗದದವರು ಎಂದರೆ ಅವರಿಗೆ ದಪ್ಪ ಕಾಗದ ತಂದುಕೊಡುತ್ತಿದ್ದ ವ್ಯಾಪಾರಿ. ಹೆಂಡತಿ ಇಲ್ಲದವನು, ಮೃದು ಮಾತಿನವನು. ಮೂರು ಮಹಡಿ ಕಾಗದ ಹೊತ್ತು ಹತ್ತಿ ಬಂದು ಒಂದು ಲೋಟ ನೀರು ಕೇಳುವುದಕ್ಕೂ ನಾಚಿಕೊಳ್ಳುತ್ತಿದ್ದ. ಏನು ಕೇಳಿದ್ದಾರೆ ಎಂದು ನಾದಿನಿ ಕೇಳಬೇಕಾಗಿರಲಿಲ್ಲ. ಅವಳ ಬಾಯಿಂದ ಬಂದ ಮಾತು ಇದು:

"ಅಣ್ಣನ ಫೋಟೋನೂ ತಗೊಂಡು ಹೋಗ್ತೀರಾ? ಇಲ್ಲಾ ಅಲ್ಲಿ ಅದಕ್ಕೆ ಗೋಡೆ ಇಲ್ವಾ?"

ಆಡಬಾರದ ಮಾತು. ಆಡಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು, ಆದರೆ ಹೊರಗೆ ಬಿದ್ದದ್ದನ್ನು ಎತ್ತಿ ಒಳಗೆ ಹಾಕಿಕೊಳ್ಳಲು ಬರುತ್ತದೆಯೇ? ನಿಜ ಹೇಳಬೇಕೆಂದರೆ ಅವಳಿಗೆ ನೆನಪಾದದ್ದು ಅಣ್ಣನಲ್ಲ. ಇನ್ನು ಮೇಲೆ ಕಿಟಕಿಯ ಬದಿಯ ಕುರ್ಚಿ ಖಾಲಿ, ಈ ಮನೆಯಲ್ಲಿ ತಾನೊಬ್ಬಳೇ ಎನ್ನುವುದು. ಆ ಹೆದರಿಕೆಯನ್ನು ಹಾಗೇ ಹೇಳಿಕೊಂಡಿದ್ದರೆ ಅತ್ತಿಗೆ ತಲೆ ಸವರುತ್ತಿದ್ದಳೇನೋ. ಹೇಳಿಕೊಳ್ಳಲು ಬಾರದವರು ಚುಚ್ಚುತ್ತಾರೆ.

ಅತ್ತಿಗೆ ಒರೆಸಿ ಮುಗಿಸಿದ ಅಚ್ಚನ್ನು ಸಾಲಿಗೆ ಇಟ್ಟು ಇನ್ನೊಂದನ್ನು ಎತ್ತಿಕೊಂಡಳು. ಹೊರಡುವ ದಿನ, "ಯಂತ್ರ, ಡೈ ಎಲ್ಲಾ ನಿನ್ನವು. ಅಚ್ಚು ನನ್ನವು," ಎಂದಷ್ಟೇ ಹೇಳಿ ಒಂದೊಂದು ಅಚ್ಚನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕತೊಡಗಿದಳು. ನಾದಿನಿ ಕೋಣೆಯಲ್ಲಿ ಕೂತು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಎಲ್ಲಾ ಮುಗಿದ ಮೇಲೆ ಕೊನೆಗೆ ಒಂದು ಅಚ್ಚು ಉಳಿಯಿತು. ಅತ್ತಿಗೆ ಅದನ್ನು ಗೋಡೆಯ ಬದಿಗೆ, ನಾದಿನಿಯ ಕುರ್ಚಿಯ ಎದುರಿಗೆ ಇಟ್ಟು ಬಹಳ ಹೊತ್ತು ಸುಮ್ಮನೆ ನಿಂತಳು. ಎಲೆ ನರದ ಅಚ್ಚು. ಎದ್ದು ಹೋಗಿ ಒಂದು ಎಲೆ ಕತ್ತರಿಸಲು ಎಷ್ಟು ಹೊತ್ತು ಬೇಕಿತ್ತು? ನಾದಿನಿ ಏಳಲಿಲ್ಲ. ಅತ್ತಿಗೆ ಕೊನೆಗೆ ಅದನ್ನೆತ್ತಿ, ಪೆಟ್ಟಿಗೆಗಲ್ಲ, ತನ್ನ ಕೈಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಫೋಟೋ ಗೋಡೆಯ ಮೇಲೇ ಉಳಿಯಿತು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತೆಂದು ನಾದಿನಿಗೆ ಅವರಿವರಿಂದ ತಿಳಿಯಿತು. ಊರಿನವರ ಮದುವೆಗೆಲ್ಲಾ ಕಾರ್ಡು ಮಾಡಿದವಳು ಆ ಮದುವೆಗೆ ಮಾಡಲಿಲ್ಲ. ಅತ್ತಿಗೆಯೇ ಇಲ್ಲದ ಮೇಲೆ ಅವಳು ಯಾರ ನಾದಿನಿ? ಆದರೂ ಬೇರೆ ಹೆಸರಿಟ್ಟು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕಾಗದವನ್ನು ಹಟಕ್ಕೆ ಬೇರೆ ಅಂಗಡಿಯಿಂದ ತರಿಸಿಕೊಂಡಳು, ಮಡಿಸಿದರೆ ಬೆನ್ನು ಬಿರಿಯುವ ಕೆಟ್ಟ ಕಾಗದ. ಅಚ್ಚಿಲ್ಲದೆ ಬರೀ ಬಿಳಿ ಹೂವು, ಕಣ್ಣಿಲ್ಲದ ಹಕ್ಕಿ, ಚುಕ್ಕೆಯಿಲ್ಲದ ಚಿಟ್ಟೆ ಅಂಟಿಸಿ ಕಾರ್ಡು ಮಾಡಿದಳು. ಅವನ್ನು ಮಾರುತ್ತಿದ್ದ ಸ್ಟೇಷನರಿ ಅಂಗಡಿಯಾಕೆ, "ಈಗಿನವರಿಗೆ ಇದೇ ಇಷ್ಟ ರೀ, ಸಿಂಪಲ್ ಆಗಿದೆ ಅಂತಾರೆ," ಎಂದು ಹೊಗಳಿದಳು. ನಾದಿನಿ ಅದನ್ನು ನಂಬಲಿಲ್ಲ. ಆ ಹಕ್ಕಿಗಳನ್ನು ನೋಡಿದರೆ ಅವಳಿಗೇ ಒಂದು ಥರಾ ಆಗುತ್ತಿತ್ತು.

ಸಂಜೆಗಳು ಉದ್ದವಾದವು. ಒಬ್ಬಳಿಗೇ ಎಷ್ಟು ಅಡಿಗೆ ಮಾಡಬೇಕೆಂಬ ಅಂದಾಜು ಸಿಗದೆ ಪ್ರತಿದಿನ ಮಿಗುತ್ತಿತ್ತು. ಪಕ್ಕದ ಮನೆಯ ಕರೆಗಂಟೆ ಬಾರಿಸಿದರೆ ಇವಳು ಎದ್ದು ನಿಲ್ಲುತ್ತಿದ್ದಳು.

ಹೀಗಿರುವಾಗ ಒಂದು ದಿನ ಅಂಗಡಿಯಾಕೆ ಕೌಂಟರಿನ ಕೆಳಗಿನಿಂದ ಒಂದು ಪೊಟ್ಟಣ ತೆಗೆದಳು. "ನಮ್ಮ ಗಿರಾಕಿ ಒಬ್ಬರು ಕೊಟ್ಟಿದ್ದಾರೆ. ಅಚ್ಚು ಒತ್ತಿದ ಹಾಳೆಗಳು. ಕತ್ತರಿಸಿಕೊಡಬೇಕಂತೆ. ನಿಮ್ಮ ಡೈಗೆ ಕೂಡುತ್ತಾ ನೋಡಿ."

ನಾದಿನಿ ಪೊಟ್ಟಣ ಬಿಚ್ಚಿದಳು. ನೀಲಿ ಹೂವುಗಳು, ಸಾಲು ಸಾಲಾಗಿ. ಪ್ರತಿಯೊಂದರ ಎಡಗಡೆಯೂ ಕಪ್ಪು, ಬಲಗಡೆ ತೆಳು.

ಅವಳು ಹಾಳೆಯನ್ನು ಮಡಿಸಿ ಮತ್ತೆ ಪೊಟ್ಟಣಕ್ಕೆ ಹಾಕಿದಳು. ತನ್ನ ಮುಖ ಅಂಗಡಿಯಾಕೆಗೆ ಕಾಣಬಾರದೆಂದು ಪೆನ್ನುಗಳ ಕಡೆ ನೋಡುತ್ತಾ ನಿಂತಳು. "ಕೂಡುತ್ತೆ," ಎಂದಳು.

ಯಾರು ಕೊಟ್ಟದ್ದು ಎಂದು ಕೇಳಬಹುದಿತ್ತು. ನೀವಾಗಲಿ ನಾನಾಗಲಿ ಕೇಳುತ್ತಿದ್ದೆವು. ಅಂಗಡಿಯಾಕೆಯೂ ಏನು ಕಡಿಮೆಯಿಲ್ಲ, ಒಂದು ಪ್ರಶ್ನೆ ಕೇಳಿದರೆ ಇಡೀ ಬೀದಿಯ ಸಮಾಚಾರ ಹೇಳುವವಳು. ಆದರೆ ನಾದಿನಿಗೆ ಕೇಳುವ ಅಗತ್ಯವೇ ಕಾಣಲಿಲ್ಲ. ತನ್ನ ಅತ್ತಿಗೆಯ ಕೈ ತನಗೆ ಗೊತ್ತಿಲ್ಲವೇ? ಕೇಳಿದರೆ, ಗೊತ್ತಾಗಿದೆ ಎಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ಅತ್ತಿಗೆ ಮುಜುಗರಪಟ್ಟು ನಿಲ್ಲಿಸಿಬಿಟ್ಟರೆ? ಬೇಡ. ಅತ್ತಿಗೆ ಬಾಯಿ ಬಿಡದೆ ಕೈಯಿಂದ ಮಾತಾಡುತ್ತಿದ್ದಾಳೆ, ತಾನೂ ಕೈಯಿಂದಲೇ ಉತ್ತರ ಕೊಟ್ಟರಾಯಿತು.

ಆ ದಿನ ಅವಳು ಯಂತ್ರವನ್ನು ಒರೆಸಿ, ಉರುಳೆಗೆ ಎಣ್ಣೆ ಬಿಟ್ಟು ಕೂತಳು. ಒಂದು ಹೂವಿನ ಅಂಚಿನಲ್ಲೂ ಕೂದಲೆಳೆಯಷ್ಟು ಬಿಳಿ ಹೆಚ್ಚುಕಡಿಮೆಯಾಗದ ಹಾಗೆ ಕತ್ತರಿಸಿದಳು. ಎಲ್ಲಾ ಮುಗಿದ ಮೇಲೆ ಎಲೆಯ ಡೈ ತೆಗೆದು, ಒಂದು ಬಿಳಿ ಎಲೆ ಕತ್ತರಿಸಿ, ಹೂವುಗಳ ಮೇಲಿಟ್ಟು ಪೊಟ್ಟಣ ಕಟ್ಟಿದಳು. ಎಷ್ಟೋ ತಿಂಗಳ ಹಿಂದೆ ಎದ್ದು ಹೋಗಿ ಮಾಡಬೇಕಿದ್ದ ಕೆಲಸ. ಕಟ್ಟಿದ ಮೇಲೆ ನೆಮ್ಮದಿಯಾಗಿ ಉಂಡಳು.

ಮುಂದಿನ ಪೊಟ್ಟಣ ಬಂದಾಗ ಮೆಟ್ಟಿಲ ಮೇಲೇ ನಿಂತು ಬಿಚ್ಚಿದಳು. ಚಿಟ್ಟೆಗಳಿದ್ದವು. ಎಲೆ ಇರಲಿಲ್ಲ.

ಇರಲಿ, ಸಿಟ್ಟು ದೊಡ್ಡದು, ಇಳಿಯಲು ಹೊತ್ತು ಬೇಕು ಎಂದುಕೊಂಡಳು. ಚಿಟ್ಟೆಗಳ ಜೊತೆ ಇನ್ನೊಂದು ಎಲೆ ಹೋಯಿತು. ಚಹಾ ಕೆಟಲುಗಳು ಬಂದವು, ಎಲೆ ಬರಲಿಲ್ಲ. ಗಾಳಿಪಟಗಳು ಬಂದವು, ಎಲೆ ಬರಲಿಲ್ಲ. ಪೊಟ್ಟಣದ ಮೇಲೆ ಪೊಟ್ಟಣ ಬಂದವು, ಪ್ರತಿಯೊಂದರಲ್ಲೂ ಅತ್ತಿಗೆಯ ಅಂಗೈಯ ಎಡಭಾಗದ ಭಾರ ಕಣ್ಣಿಗೆ ಹೊಡೆಯುವಂತಿತ್ತು. ಹೂವು ಬಂದರೂ ಎಲೆಯ ಹಾಳೆ ಒಂದು ಸಲವೂ ಬರಲಿಲ್ಲ. ಬೇಕೆಂದೇ ಎಂದು ನಾದಿನಿಗೆ ಖಾತ್ರಿಯಾಯಿತು. ಕೆಲಸ ಬೇಕು, ತಾನು ಬೇಡ. ಯಂತ್ರದ ಹಿಡಿ ತಿರುಗಿಸುತ್ತಾ ಅತ್ತಿಗೆಯನ್ನು ಬಾಯಿಗೆ ಬಂದ ಹಾಗೆ ಬೈದಳು. "ಇನ್ನೂ ಎಷ್ಟು ಎಲೆ ಬೇಕು ನಿಮಗೆ? ಕಾಡೇ ಕಡಿದು ಕಳಿಸಬೇಕಾ?" ಯಂತ್ರ ಕರಕರ ಎಂದಿತು. ಬೈದು ಮುಗಿಸಿ ಅಳುತ್ತಾ ಇನ್ನೊಂದು ಎಲೆ ಕತ್ತರಿಸಿದಳು.

ಅವಳ ಬದುಕಿನಲ್ಲಿ ಈಗ ಉಳಿದಿದ್ದ ವಿಷಯ ಅದೊಂದೇ. ಎಲೆಗೆ ನರ ಬಂದು ವಾಪಸ್ಸು ಬರುತ್ತದೋ ಇಲ್ಲವೋ.

ಆಮೇಲೆ ಒಂದು ಬೆಳಿಗ್ಗೆ ಕತ್ತರಿಸಿದ ಪೊಟ್ಟಣ ಹಿಡಿದುಕೊಂಡು ಹೋದರೆ ಅಂಗಡಿಯಾಕೆ ಶಟರ್ ಅರ್ಧ ಎಳೆದು ನಿಂತಿದ್ದಳು. "ತಂಗಿ ಬಾಣಂತನಕ್ಕೆ ಹೊರಟಿದ್ದೀನಿ ರೀ, ಬರೋದು ತಡ ಆಗುತ್ತೆ. ಅವರಿಗೆ ಇದು ಬೇಗ ಬೇಕಂತೆ. ನೀವೇ ಮನೆಗೆ ಕೊಟ್ಟುಬಿಡಿ, ದೂರ ಇಲ್ಲ. ರೈಲ್ವೆ ಗೇಟಿನ ಆಚೆ, ಎರಡನೇ ಬೀದಿ, ಹಸಿರು ಬಾಗಿಲಿನ ಮನೆ."

ರೈಲ್ವೆ ಗೇಟಿನ ಆಚೆ. ಕಾಗದದವನ ಮನೆ ಆ ಕಡೆಯೇ ಎಂದು ನಾದಿನಿ ಯಾವತ್ತೋ ಕೇಳಿದ್ದಳು. ಮನೆಗೆ ಹಿಂತಿರುಗಿ ಸೀರೆ ಬದಲಿಸಿದಳು, ತಲೆ ಬಾಚಿದಳು, ಕನ್ನಡಿಯ ಮುಂದೆ ನಿಂತು "ಈ ಕಡೆ ಬಂದಿದ್ದೆ, ಹಾಗೇ ಬಂದೆ," ಎಂದು ಹೇಳಿ ನೋಡಿದಳು. ಸರಿಹೋಗಲಿಲ್ಲ. "ಅತ್ತಿಗೆ, ತಪ್ಪಾಯ್ತು," ಎಂದು ಹೇಳಿ ನೋಡಿದಳು. ಅದೂ ಸರಿಹೋಗಲಿಲ್ಲ. ಏನಾದರಾಗಲಿ ಎಂದು ಹೊರಟಳು. ಗೇಟು ಹಾಕಿತ್ತು. ಗೂಡ್ಸ್ ರೈಲೊಂದು ಮುಗಿಯುವುದೇ ಇಲ್ಲವೇನೋ ಎನ್ನುವ ಹಾಗೆ ಹೋಗುತ್ತಿತ್ತು. ವಾಪಸ್ಸು ಹೋಗಿಬಿಡಲು ಅಷ್ಟು ಸಮಯ ಸಾಕಿತ್ತು, ಆದರೆ ಈ ಸಲ ಅವಳು ಹೋಗಲಿಲ್ಲ.

ಹಸಿರು ಬಾಗಿಲು ತೆರೆದವರು ದಪ್ಪ ಮೀಸೆಯ ಒಬ್ಬ ಹಿರಿಯರು. ಬೆರಳುಗಳ ತುದಿಯೆಲ್ಲಾ ನೀಲಿ ಇಂಕು.

"ಅತ್ತಿಗೆ ಇದ್ದಾರಾ?" ಎಂದಳು ನಾದಿನಿ.

"ಯಾರ ಅತ್ತಿಗೆ?"

"ನನ್ನ ಅತ್ತಿಗೆ."

"ನೀವು ಯಾರು ಅಂತಾನೇ ಗೊತ್ತಿಲ್ವಲ್ಲಮ್ಮ, ನಿಮ್ಮ ಅತ್ತಿಗೆ ನನಗೆ ಹೇಗೆ ಗೊತ್ತಿರುತ್ತೆ?" ಎಂದವರು ಅವಳ ಕೈಯಲ್ಲಿದ್ದ ಪೊಟ್ಟಣ ನೋಡಿ ಮುಖ ಅರಳಿಸಿದರು. "ಓ, ನೀವು ಕಟಿಂಗ್ ಮೇಡಮ್ಮು. ಬನ್ನಿ ಬನ್ನಿ, ಒಳಗೆ ಬನ್ನಿ. ನಾನು ಬಸ್ ಕಂಡಕ್ಟರ್ ಆಗಿದ್ದೆ, ಈಗ ರಿಟೈರು. ಜೀವಮಾನ ಎಲ್ಲಾ ಟಿಕೆಟ್ ಹರಿದು ಹರಿದು ಕೈ ಸುಮ್ಮನಿರಲ್ಲ ಅನ್ನುತ್ತೆ. ಅದಕ್ಕೇ ಇದು."

ನಾದಿನಿ ಒಳಗೆ ಹೋದದ್ದು ಕಾಲು ತಾನಾಗಿ ನಡೆದದ್ದರಿಂದ. ಮೇಜಿನ ಮೇಲೆ ಅತ್ತಿಗೆಯ ಅಚ್ಚುಗಳು ಸಾಲಾಗಿದ್ದವು. ಮರದ ಹಿಡಿಗಳು, ಒಂದೊಂದನ್ನೂ ಅವಳು ಗುರುತು ಹಿಡಿಯಬಲ್ಲಳು. ಹಾಳೆಯ ಮೇಲೆ ಈಗತಾನೆ ಒತ್ತಿದ ಹೂವು ಹಸಿಯಾಗಿತ್ತು. ಎಡಗಡೆ ಕಪ್ಪು, ಬಲಗಡೆ ತೆಳು.

"ಇದನ್ನ ಒತ್ತಿದ್ದು ಯಾರು?"

"ನಾನೇ. ಇಲ್ಲಿ ಇನ್ಯಾರಿದ್ದಾರೆ?"

"ಎಡಗಡೆ ಕಪ್ಪಾಗಿ ಬಂದಿದೆಯಲ್ಲಾ."

"ಅಯ್ಯೋ, ಅದೊಂದು ರೋಗ ಕಣಮ್ಮ ಈ ಅಚ್ಚುಗಳಿಗೆ. ಎಷ್ಟು ನೆಟ್ಟಗೆ ಒತ್ತಿದ್ರೂ ಹಾಗೇ. ಮೊದಲು ಇಟ್ಕೊಂಡಿದ್ದ ಅಮ್ಮನ ಕೈಗೆ ಹಿಡಿ ಸವೆದುಹೋಗಿದೆ. ನೀವೇ ಒತ್ತಿ ನೋಡಿ."

ನಾದಿನಿ ಅಚ್ಚನ್ನು ಕೈಗೆ ತೆಗೆದುಕೊಂಡಳು. ಹಿಡಿಯ ಎಡಭಾಗದಲ್ಲಿ ಒಂದು ನಯವಾದ ತಗ್ಗಿತ್ತು. ಹೆಬ್ಬೆರಳ ಬುಡ ತಾನಾಗಿ ಅದರೊಳಗೆ ಹೋಗಿ ಕೂತಿತು, ಕೈಯ ಭಾರವೆಲ್ಲಾ ಎಡಕ್ಕೆ ವಾಲಿತು. ಇಂಕಿಗೆ ಮುಟ್ಟಿಸಿ ಒತ್ತಿದಳು, ಎತ್ತಿದಳು. ಅವಳ ಕೈಯಿಂದಲೂ ಅತ್ತಿಗೆಯ ಹೂವೇ ಬಂತು.

ಕುರ್ಚಿ ಎಳೆದುಕೊಂಡು ಕೂತಳು. ಇಷ್ಟು ತಿಂಗಳೂ ಅವಳು ಅತ್ತಿಗೆಯ ಜೊತೆ ಮಾತಾಡಿರಲಿಲ್ಲ. ಯಾರೋ ಗುರುತು ಪರಿಚಯವಿಲ್ಲದ ಕಂಡಕ್ಟರ ಮೇಲೆ ಸಿಟ್ಟಾಗಿದ್ದಳು, ಅವರನ್ನು ಬೈದಿದ್ದಳು, ಅವರಿಗಾಗಿ ಅತ್ತಿದ್ದಳು. ಆ ಮನುಷ್ಯ ನೀರು ತಂದುಕೊಟ್ಟರು. ನೀರು ಕುಡಿಯಲು ತಲೆ ಎತ್ತಿದಾಗ ಎದುರಿಗಿದ್ದ ಫ್ರಿಜ್ಜಿನ ಬಾಗಿಲು ಕಣ್ಣಿಗೆ ಬಿತ್ತು. ಅದರ ಮೇಲೆ ಒಂದು ದೊಡ್ಡ ಹಾಳೆ, ಹಾಳೆಯ ಮೇಲೆ ಕಂದು ಪೆನ್ಸಿಲಿನಲ್ಲಿ ಬರೆದ ಒಂದು ಮರ, ಮರದ ಕೊಂಬೆಗಳಿಗೆಲ್ಲಾ ಅಂಟಿಸಿದ ಬಿಳಿ ಎಲೆಗಳು.

"ಎಲ್ಲಾ ನಿಮ್ಮವೇ," ಎಂದರು ಕಂಡಕ್ಟರು ಹೆಮ್ಮೆಯಿಂದ. "ಮೊದಲ ಸಲ ತಪ್ಪಿ ಬಂದಿರಬೇಕು ಅಂದ್ಕೊಂಡೆ. ಪ್ರತಿ ಸಲವೂ ಬಂತು. ಆಮೇಲೆ ಗೊತ್ತಾಯ್ತು, ಕೊಸರು ಕೊಡ್ತಿದ್ದಾರೆ ಅಂತ. ಈ ಕಾಲದಲ್ಲಿ ಕೊಸರು ಯಾರು ಕೊಡ್ತಾರೆ ಹೇಳಿ. ಒಂದೂ ಬಿಸಾಡಿಲ್ಲ."

ನಾದಿನಿ ಆ ಮರವನ್ನೇ ನೋಡುತ್ತಾ ಕೂತಳು. ಅವಳು ನುಂಗಿಕೊಂಡಿದ್ದ ಕ್ಷಮಾಪಣೆಗಳೆಲ್ಲಾ ಅಪರಿಚಿತರ ಅಡಿಗೆಮನೆಯಲ್ಲಿ ಸಾಲಾಗಿ ಅಂಟಿಕೊಂಡಿದ್ದವು. ಆಶ್ಚರ್ಯವೆಂದರೆ ಕಂಡಕ್ಟರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವರೂ ಒಬ್ಬರೇ ಇರುವ ಹಾಗಿತ್ತು. ಒಲೆಯ ಮೇಲೆ ಒಂದೇ ಪುಟ್ಟ ಪಾತ್ರೆ, ಸಿಂಕಿನಲ್ಲಿ ಒಂದೇ ಲೋಟ. ಆ ಎಲೆಗಳಿಗೆ ಅವರೂ ಕಾದಿರಬಹುದು.

"ನರ ಇದ್ದಿದ್ರೆ ಇನ್ನೂ ಚೆನ್ನಾಗಿರೋದು," ಎಂದರು ಅವರು. "ನರದ ಅಚ್ಚೂ ಇದೆ, ಆದ್ರೆ ಆ ಅಮ್ಮ ಅದೊಂದನ್ನ ಮಾತ್ರ ನನಗೆ ಮಾರಲಿಲ್ಲ."

ನಾದಿನಿ ಲೋಟ ಕೆಳಗಿಟ್ಟಳು. "ಯಾಕಂತೆ?"

"ಅವರಿಗೆ ಮಣಿಕಟ್ಟು ಊದಿಕೊಂಡುಬಿಟ್ಟಿದೆ, ಒತ್ತೋಕೆ ಆಗಲ್ಲ. ಅದಕ್ಕೇ ಎಲ್ಲಾ ಕೊಟ್ಟುಬಿಟ್ರು. ಕತ್ತರಿಸೋಕೆ ಎಲ್ಲಿ ಕೊಡ್ಲಿ ಅಂದಿದ್ದಕ್ಕೆ ಆ ಸ್ಟೇಷನರಿ ಅಂಗಡೀಲಿ ಕೊಡಿ, ಇದಕ್ಕೆ ಕೂಡೋ ಡೈ ಇರೋದು ಒಬ್ಬರ ಹತ್ತಿರಾನೇ ಅಂದ್ರು. ಎಲೆದೂ ಕೊಡಿ ಅಂತ ಕೇಳಿದೆ. ಕೈಚೀಲದಿಂದ ತೆಗೆದು ತೋರಿಸಿದ್ರು, ಮತ್ತೆ ಒಳಗೇ ಹಾಕ್ಕೊಂಡ್ರು. ಅದಕ್ಕೆ ಇನ್ನೂ ಕೆಲಸ ಇದೆ ಅಂದ್ರು. ಒತ್ತೋಕೇ ಆಗದವರಿಗೆ ಇನ್ನೇನು ಕೆಲಸ ಇರುತ್ತೋ, ನಾನು ಕೇಳಲಿಲ್ಲ."

ನಾದಿನಿಗೆ ಕೇಳಬೇಕಾಗಿರಲಿಲ್ಲ. ಅಚ್ಚು ಕೈಚೀಲದಲ್ಲಿಟ್ಟುಕೊಂಡು ಅತ್ತಿಗೆ ಇಷ್ಟು ದಿನವೂ ಒಂದು ಎಲೆ ಬರಲಿ ಎಂದು ಕಾದಿದ್ದಳು. ಒಂದೂ ಬಂದಿರಲಿಲ್ಲ. ತಾನು ಕಳಿಸಿದವೆಲ್ಲಾ ಈ ಫ್ರಿಜ್ಜಿನ ಮೇಲಿದ್ದವು.

"ಒಂದು ಎಲೆ ವಾಪಸ್ ತಗೊಳ್ಲಾ?" ಎಂದಳು.

"ನಿಮ್ಮದೇ ಅಲ್ವೇನಮ್ಮ," ಎಂದರು ಕಂಡಕ್ಟರು. ಅವರೇ ಉಗುರಿನಿಂದ ಮೆಲ್ಲಗೆ ಕೆಳಗಿನ ಕೊಂಬೆಯ ಒಂದು ಎಲೆ ಬಿಡಿಸಿದರು. ಬೆನ್ನಿಗೆ ಹಾಳೆಯ ಸಿಪ್ಪೆ ಒಂದಿಷ್ಟು ಅಂಟಿಕೊಂಡೇ ಬಂತು. "ಆ ಅಮ್ಮನ ಮನೆಗಾ? ಹಿಂದಿನ ಬೀದಿ, ಮೂಲೆ ಮನೆ. ಬಾಗಿಲ ಪಕ್ಕ ಕಾಗದದ ಕಟ್ಟು ಪೇರಿಸಿರ್ತಾರೆ. ಮತ್ತೆ ಬನ್ನಿ, ಪೊಟ್ಟಣ ಕೊಡೋಕೆ ಅಂಗಡಿ ಯಾಕೆ ಬೇಕು."

"ಬರ್ತೀನಿ," ಎಂದಳು ನಾದಿನಿ. ಬಾಯುಪಚಾರಕ್ಕೆ ಹೇಳಿದ್ದಲ್ಲ.

ಮೂಲೆ ಮನೆಯ ಬಾಗಿಲು ತೆರೆದದ್ದು ಕಾಗದದವನು. ಕನ್ನಡಕ ಹಣೆಗೇರಿತ್ತು. ಅವಳನ್ನು ನೋಡಿದವನೇ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದ. "ಬನ್ನಿ," ಎಂದ. ಆಡಲು ಸಿದ್ಧಮಾಡಿಕೊಂಡಿದ್ದ ಎರಡು ಮಾತಿನಲ್ಲಿ ಒಂದೂ ನಾದಿನಿಗೆ ನೆನಪಿರಲಿಲ್ಲ. ಅಂಗೈ ಮುಂದೆ ಮಾಡಿ ಎಲೆ ಕೊಟ್ಟಳು.

"ಇದನ್ನ ಅವರಿಗೆ ಕೊಡಿ."

ಕಾಗದದವನು ಎಲೆಯನ್ನು ಹಿಂದೆಮುಂದೆ ತಿರುಗಿಸಿದ, ಎರಡು ಬೆರಳ ನಡುವೆ ಉಜ್ಜಿ ನೋಡಿದ. "ಇದು ನಮ್ಮ ಕಾಗದ ಅಲ್ಲ," ಎಂದ ಬೇಸರದಿಂದ. ಆಮೇಲೆ ಅವಳ ಮುಖ ನೋಡಿ, ಇನ್ನೇನೂ ಕೇಳದೆ ಒಳಗೆ ಹೋದ.

ನಾದಿನಿ ಕಾಗದದ ಕಟ್ಟುಗಳ ಪಕ್ಕ ನಿಂತಳು. ಒಳಗಿನಿಂದ ಮಾತು ಕೇಳಲಿಲ್ಲ. ಆಮೇಲೆ ಕೈಚೀಲದ ಜಿಪ್ಪು ಸರಿದ ಸದ್ದು. ಇಂಕ್ ಪ್ಯಾಡಿನ ಮುಚ್ಚಳ ತೆಗೆದ ಸದ್ದು. ಅಚ್ಚು ಮೇಜಿಗೆ ತಾಗುವ ಆ ಮೆತ್ತನೆಯ ಠಪ್ ಸದ್ದಿಗಾಗಿ ಅವಳು ಕಾದಳು. ಅದು ಬರಲಿಲ್ಲ. ಮೇಜಿನ ಮೇಲೆ ಏನೋ ಉರುಳಿದ ಸದ್ದು ಬಂತು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು.

ಕಾಗದದವನು ಹೊರಗೆ ಬಂದ. "ಒತ್ತೋಕಾಗ್ತಿಲ್ಲ ಅವಳ ಕೈಲಿ. ನಾನು ಒತ್ತಿಕೊಡ್ತೀನಿ ಅಂದ್ರೆ ಬೈತಾಳೆ," ಎಂದ.

ಅವನ ಬೆನ್ನ ಹಿಂದಿನಿಂದ ಸ್ವರ ಬಂತು. ಸ್ವಲ್ಪ ಇಳಿದಿತ್ತು, ಆದರೆ ಅದೇ ಸ್ವರ. "ಮೂತಿಗೆ ಒಳಗೆ ಬರೋಕೆ ಹೇಳಿ. ಬಾಗಿಲಲ್ಲಿ ನಿಂತ್ಕೊಂಡು ಯಾರಿಗೆ ಉಪಕಾರ."

ಯಾರೂ ಕರೆಯದೆ ಬಿಟ್ಟಿದ್ದ ಆ ಹೆಸರು ಕಿವಿಗೆ ಬಿದ್ದದ್ದೇ ನಾದಿನಿಯ ಕಣ್ಣು ತುಂಬಿಬಂತು. ಒರೆಸಿಕೊಳ್ಳದೆ ಹಾಗೇ ಒಳಗೆ ಹೋದಳು. ಅತ್ತಿಗೆ ಕಿಟಕಿಯ ಬದಿಯಲ್ಲೇ ಕೂತಿದ್ದಳು. ಬಲಗೈಯ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು, ಬೆರಳುಗಳು ಬಾತುಕೊಂಡಿದ್ದವು. ಎದುರಿಗೆ ಬಿಳಿ ಎಲೆ, ಅದರ ಪಕ್ಕದಲ್ಲಿ ಅಡ್ಡ ಬಿದ್ದ ಅಚ್ಚು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಕೆಲಸ ಕೆಡುತ್ತಿತ್ತು.

ಅತ್ತಿಗೆ ಅಚ್ಚನ್ನು ಇಂಕಿಗೆ ಮುಟ್ಟಿಸಿ ಎಲೆಯ ಮೇಲೆ ಹಿಡಿದಳು. ಮಣಿಕಟ್ಟು ಭಾರ ತಡೆಯಲಿಲ್ಲ. ನಾದಿನಿ ಅವಳ ಹಿಂದೆ ನಿಂತು ಆ ಊದಿದ ಕೈಯ ಮೇಲೆ ತನ್ನ ಕೈ ಇಟ್ಟಳು, ನೋವಾಗದ ಹಾಗೆ, ಎಡಕ್ಕೆ ಸ್ವಲ್ಪ ಭಾರ ಬಿಟ್ಟು ಒತ್ತಿದಳು. ಠಪ್ ಎಂದಿತು.

ಒತ್ತಿಯಾಗಿತ್ತು, ಎತ್ತಬೇಕಿತ್ತು. ಇಬ್ಬರೂ ಎತ್ತಲಿಲ್ಲ.

"ಹೆಚ್ಚು ಹೊತ್ತು ಇಟ್ಟರೆ ಇಂಕು ಹರಡುತ್ತೆ," ಎಂದಳು ಅತ್ತಿಗೆ.

"ಹರಡಲಿ ಬಿಡಿ," ಎಂದಳು ನಾದಿನಿ.